ಬರೆಯುವುದು ಹೇಗೆಂದು ಓದುತ್ತ ಕೂತವರು

ಅವಿನ್ಯೂ ರೋಡಿನ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕೊಂಡ ಆ ಪುಸ್ತಕದ ಹಿಂದಿನ ಒಡೆಯ ಬಹಳ ಆಸೆಯ ಮನುಷ್ಯನಿರಬೇಕು. ಕಥೆ ಬರೆಯುವುದು ಹೇಗೆಂದು ಕಲಿಸುವ ಇಂಗ್ಲಿಷ್ ಪುಸ್ತಕ ಅದು. ಮೊದಲ ಪುಟದಿಂದಲೇ ಪೆನ್ಸಿಲ್ ಗೆರೆ ಶುರು. ಕೆಲವು ಕಡೆ ಒಂದು ಗೆರೆ, ಕೆಲವು ಕಡೆ ಎರಡು, ತೀರಾ ಮೆಚ್ಚಿದ ಕಡೆ ನಕ್ಷತ್ರ. ಮೂವತ್ತೊಂಬತ್ತನೇ ಪುಟದ ಅಂಚಿನಲ್ಲಿ ಗುಂಡಗಿನ ಕನ್ನಡ ಅಕ್ಷರದಲ್ಲಿ ಒಂದೇ ಪದ: ‘ನಾಳೆಯಿಂದ’. ಅಲ್ಲಿಂದಾಚೆಗೆ ಪುಸ್ತಕ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಚೊಕ್ಕವಾಗಿತ್ತು.

ಆ ನಾಳೆ ಬಂತೋ ಇಲ್ಲವೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಂದಿದ್ದರೆ ಓದು ಅಲ್ಲಿಗೇ ನಿಂತು ಬರವಣಿಗೆ ಶುರುವಾಗಿರಬೇಕು. ಬಾರದಿದ್ದರೆ ಬೇಸರ ಹತ್ತಿ ಪುಸ್ತಕ ರದ್ದಿ ಅಂಗಡಿಯ ತಕ್ಕಡಿ ಏರಿರಬೇಕು. ಎರಡಕ್ಕೂ ಗುರುತು ಒಂದೇ, ನಲವತ್ತನೇ ಪುಟದಿಂದ ಗೆರೆಯಿಲ್ಲ. ಈ ಜಾತಿಯ ಪುಸ್ತಕಗಳ ಬಗ್ಗೆ ಇಪ್ಪತ್ತು ವರ್ಷದಿಂದ ನನಗಿರುವ ಗೊಂದಲವೂ ಇದೇ. ಬರೆಯುವವನನ್ನು ಅವು ಎಬ್ಬಿಸುತ್ತವೋ, ತಟ್ಟಿ ಮಲಗಿಸುತ್ತವೋ?

ನನ್ನ ಕಪಾಟಿನಲ್ಲಿ ಅಂಥವು ಇಪ್ಪತ್ತಮೂರಿವೆ. ಅದೇ ಸಾಲಿನ ತುದಿಯಲ್ಲಿ ನಾನು ಬರೆದ ಎರಡು ಕಥಾಸಂಕಲನಗಳು, ಮದುವೆ ಮನೆಯಲ್ಲಿ ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತ ಬಡ ನೆಂಟರಂತೆ. ಧೂಳು ಹೊಡೆಯುವಾಗ ಒಮ್ಮೆ ಲೆಕ್ಕ ಹಾಕಿದ ಹೆಂಡತಿ, “ಇಪ್ಪತ್ತಮೂರು ಅಡುಗೆ ಪುಸ್ತಕ ಇಟ್ಕೊಂಡು ಎರಡೇ ಸಲ ಸಾರು ಮಾಡಿದ ಹಾಗಾಯ್ತಲ್ರೀ” ಅಂದಳು. ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಬರೆಯುವುದರ ಬಗ್ಗೆ ಓದಿದ ರಾತ್ರಿ ಬರೆದಷ್ಟೇ ತೃಪ್ತಿಯಿಂದ ನಿದ್ದೆ ಬರುತ್ತದೆ. ಕೆಡುಕಿರುವುದು ಆ ತೃಪ್ತಿಯಲ್ಲೇ. ಈಜು ಕಲಿಸುವ ಪುಸ್ತಕ ಓದಿದವನಿಗೆ ಮೈ ಒದ್ದೆಯಾಗಿಲ್ಲ ಎಂಬುದಾದರೂ ಗೊತ್ತಿರುತ್ತದೆ. ನಮ್ಮ ಕಸುಬಿನಲ್ಲಿ ಓದಿದ್ದೂ ಅಕ್ಷರ, ಬರೆಯಬೇಕಾದದ್ದೂ ಅಕ್ಷರ. ಮೋಸ ಹೋಗುವುದು ಸುಲಭ.

ಈ ಚಟ ಇಂಗ್ಲಿಷಿನಿಂದ ಅಂಟಿದ್ದೆಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ನಮಗೆ ಉಳಿದಿರುವ ಕನ್ನಡದ ಮೊಟ್ಟಮೊದಲ ಕೃತಿಯೇ ಬರೆಯುವವರಿಗೆ ಪಾಠ ಹೇಳುವ ಪುಸ್ತಕ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ದಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಕುದುರೆಯ ಖುರಪುಟವಿಲ್ಲ. ಯಾವುದು ದೋಷ, ಯಾವುದು ಗುಣ, ಅಲಂಕಾರಗಳು ಎಷ್ಟು ಬಗೆ ಎಂದು ಮೂರು ಪರಿಚ್ಛೇದಗಳಲ್ಲಿ ವಿವರಿಸುವ ಲಕ್ಷಣಗ್ರಂಥ ಅದು. ಬೇರೆ ಭಾಷೆಗಳ ಬಾಗಿಲಲ್ಲಿ ಒಬ್ಬ ವೀರನೋ ಭಕ್ತನೋ ನಿಂತಿದ್ದರೆ ನಮ್ಮ ಬಾಗಿಲಲ್ಲಿ ಒಬ್ಬ ಮೇಷ್ಟ್ರು ಕೆಂಪು ಶಾಯಿ ಹಿಡಿದು ನಿಂತಿದ್ದಾರೆ.

ಆ ಮೇಷ್ಟ್ರು ತಮಗಿಂತ ಮುಂಚೆ ಕನ್ನಡದಲ್ಲಿ ಬರೆದವರ ಹೆಸರು ಹೇಳುತ್ತಾರೆ. ಗದ್ಯಕ್ಕೆ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯಕ್ಕೆ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಬರೆದ ಒಂದು ಓಲೆಯೂ ನಮ್ಮ ಕೈಗೆ ಸಿಕ್ಕಿಲ್ಲ. ಉಂಡವರು ಎದ್ದು ಹೋಗಿ, ಎಲೆ ಎತ್ತಿ, ನೆಲ ಸಾರಿಸಿ ಎಲ್ಲ ಮುಗಿದ ಮೇಲೆ ಅಡುಗೆ ಭಟ್ಟರು ಬರೆಸಿದ ಸಾಮಾನಿನ ಪಟ್ಟಿಯೊಂದೇ ಉಳಿದ ಹಾಗೆ. ದುರ್ವಿನೀತನ ಗದ್ಯ ಹೇಗಿತ್ತೆಂದು ನಾವು ಊಹಿಸಬೇಕಾಗಿರುವುದು ಒಂದು ಕೈಪಿಡಿ ಕೊಟ್ಟ ಸರ್ಟಿಫಿಕೇಟಿನಿಂದ. ಬರೆದ ಕೃತಿಗಳಿಗಿಂತ ಬರೆಯುವುದು ಹೇಗೆಂಬ ಕೃತಿಯ ಆಯುಷ್ಯವೇ ಗಟ್ಟಿಯಾದದ್ದನ್ನು ನೆನೆದಾಗೆಲ್ಲ ನನ್ನ ಕಪಾಟಿನ ಆ ಎರಡು ತೆಳು ಸಂಕಲನಗಳನ್ನು ನೋಡಿ ಸ್ವಲ್ಪ ಕಸಿವಿಸಿಯಾಗುತ್ತದೆ.

ಅದೇ ಪುಸ್ತಕದಲ್ಲಿ ಇನ್ನೊಂದು ತಮಾಷೆಯಿದೆ. ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನ ಜನ ಓದಿ ಕಲಿಯದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂಬ ಅದರ ಹೊಗಳಿಕೆ ರಾಜ್ಯೋತ್ಸವದ ಭಾಷಣಗಳಲ್ಲಿ ಸವೆದು ಸವೆದು ನುಣ್ಣಗಾಗಿದೆ. ಆದರೆ ಆ ಮಾತು ಬರುವುದೆಲ್ಲಿ? ಕಾವ್ಯರಚನೆಯನ್ನು ಕಲಿಸಲೆಂದೇ ಬರೆದ ಗ್ರಂಥದಲ್ಲಿ. ನಾಡಿ ಹಿಡಿದು ನೋಡಿ, “ನಿಮಗೇನೂ ಆಗಿಲ್ಲ, ಔಷಧಿ ಬೇಕಿಲ್ಲ” ಎಂದು ಹೇಳಿ, ಹಿಂದೆಯೇ ನಾಲ್ಕು ಪೊಟ್ಟಣ ಕಟ್ಟಿಕೊಡುವ ಪಂಡಿತರ ಹಾಗಾಯಿತು. ನಾನಿದನ್ನು ಬಹಳ ದಿನ ವಿರೋಧಾಭಾಸವೆಂದೇ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಮಾತಿನ ಕಿವಿ ಜನರಲ್ಲಿ ಮೊದಲೇ ಇದೆ. ಪುಸ್ತಕ ಮಾಡಬಹುದಾದದ್ದು ಆ ಕಿವಿಯನ್ನು ಸ್ವಲ್ಪ ಹಿಂಡುವುದು ಅಷ್ಟೆ. ಕಿವಿಯೇ ಇಲ್ಲದವನಿಗೆ ಹಿಂಡುವುದೇನನ್ನು?

ಶ್ರೀವಿಜಯ ತನ್ನ ಸರಕಿನ ಬಹುಪಾಲನ್ನು ಕಡ ತಂದದ್ದು ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ದಿಂದ. ತಂದದ್ದನ್ನು ಇದ್ದಂತೆಯೇ ಬಡಿಸಲಿಲ್ಲ ಎಂಬುದು ಮುಖ್ಯ. ದಂಡಿ ವೈದರ್ಭ, ಗೌಡ ಎಂದು ಎರಡು ಮಾರ್ಗ ಹೇಳಿದರೆ ಈತ ಅದನ್ನು ಕನ್ನಡದ ದಕ್ಷಿಣ ಮಾರ್ಗ, ಉತ್ತರ ಮಾರ್ಗಗಳಾಗಿ ತಿರುಗಿಸಿಕೊಳ್ಳುತ್ತಾನೆ. ಕನ್ನಡವನ್ನೂ ಸಂಸ್ಕೃತವನ್ನೂ ವಿವೇಚನೆಯಿಲ್ಲದೆ ಒಂದೇ ಸಮಾಸದಲ್ಲಿ ಹೆಣೆದರೆ ಮರಳುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ರಸ ಒಡೆಯುತ್ತದೆ ಎಂದು ಎಚ್ಚರಿಸುತ್ತಾನೆ. ಈ ಎಚ್ಚರಿಕೆ ದಂಡಿಯಲ್ಲಿ ಸಿಗಲು ಸಾಧ್ಯವೇ ಇರಲಿಲ್ಲ. ಅದು ಕನ್ನಡದಲ್ಲಿ ಬರೆಯಲು ಕೂತವನ ಒಲೆಯ ಮೇಲೆ ಮಾತ್ರ ಒಡೆಯುವ ಹಾಲು. ದೇಸಿಯ ಬಗೆಗಳನ್ನೆಲ್ಲ ಎಣಿಸಲು ಹೊರಟರಂತೂ ವಾಸುಕಿಗೂ ಬೇಸರ ಬಂದೀತು ಎಂದು ಕೈಚೆಲ್ಲುತ್ತಾನೆ. ನಿಯಮ ಹೇಳಲು ಕೂತ ಮನುಷ್ಯ ನಿಯಮಕ್ಕೆ ಸಿಗದ್ದು ಇಷ್ಟಿದೆ ಎಂದು ಒಪ್ಪಿಕೊಳ್ಳುವ ಆ ಗಳಿಗೆ ನನಗೆ ಇಡೀ ಗ್ರಂಥದಲ್ಲಿ ಅತ್ಯಂತ ಇಷ್ಟ.

ಕಡ ತಂದ ನಿಯಮವನ್ನು ನಮ್ಮ ಒಲೆಯ ಮೇಲಿಟ್ಟು ನೋಡುವ ಈ ಬುದ್ಧಿ ನನಗೆ ತಡವಾಗಿ ಬಂತು.

ನನ್ನ ಇಪ್ಪತ್ತಮೂರರಲ್ಲಿ ಅತಿ ಹೆಚ್ಚು ಸವೆದಿರುವುದು ಸ್ಟೀಫನ್ ಕಿಂಗ್‌ನ ‘ಆನ್ ರೈಟಿಂಗ್’. 2000ದಲ್ಲಿ ಬಂದದ್ದು. ದೆವ್ವದ ಕಾದಂಬರಿಕಾರ ಎಂದು ಮೂಗು ಮುರಿಯುವವರೂ ಇದನ್ನು ಮಾತ್ರ ಕದ್ದು ಓದುತ್ತಾರೆ. ನನ್ನ ಪ್ರತಿಯಲ್ಲಿ ಸವೆದಿರುವುದು ಶುರುವಿನ ಪುಟಗಳು, ಕೊನೆಯ ಪುಟಗಳು. ಶುರುವಿನಲ್ಲಿ, ತಿರಸ್ಕಾರದ ಚೀಟಿಗಳನ್ನು ಗೋಡೆಯ ಮೊಳೆಗೆ ಚುಚ್ಚುತ್ತ ಹೋಗಿ, ಭಾರ ತಾಳದೆ ಮೊಳೆ ಬದಲಿಸಿದ ಹುಡುಗನಿದ್ದಾನೆ. ‘ಕ್ಯಾರಿ’ ಎಂಬ ಕಾದಂಬರಿಯ ಮೊದಲ ಪುಟಗಳನ್ನು ಕಸದ ಬುಟ್ಟಿಗೆ ಎಸೆದ ಬಡ ಶಾಲಾ ಶಿಕ್ಷಕನಿದ್ದಾನೆ, ಅದನ್ನು ಎತ್ತಿ ಬೂದಿ ಕೊಡವಿ ಓದಿ ಮುಂದುವರಿಸು ಎಂದ ಹೆಂಡತಿ ಟಬಿತಾ ಇದ್ದಾಳೆ. ಕೊನೆಯಲ್ಲಿ 1999ರ ಜೂನ್ 19. ಮೈನ್ ರಾಜ್ಯದ ಹಳ್ಳಿ ರಸ್ತೆಯ ಬದಿಯಲ್ಲಿ ನಡೆದುಹೋಗುತ್ತಿದ್ದ ಕಿಂಗ್‌ಗೆ ವ್ಯಾನ್ ಬಡಿಯುತ್ತದೆ. ಕಾಲು, ಸೊಂಟ, ಪಕ್ಕೆಲುಬು ಮುರಿಯುತ್ತವೆ. ಅರ್ಧಕ್ಕೆ ನಿಂತಿದ್ದ ಈ ಪುಸ್ತಕವನ್ನೇ ಮತ್ತೆ ಎತ್ತಿಕೊಳ್ಳಲು ವಾರಗಳು ಹಿಡಿಯುತ್ತವೆ. ಗಾಲಿಕುರ್ಚಿಗೆ ಹೊಂದುವ ಹಾಗೆ ಮೇಜು ಸಜ್ಜು ಮಾಡಿಕೊಟ್ಟವಳು ಮತ್ತೆ ಟಬಿತಾ. ನೋವಿನಲ್ಲಿ ಮೊದಲ ದಿನ ಬರೆದದ್ದರಲ್ಲಿ ಸ್ಫೂರ್ತಿ ಗೀರ್ತಿ ಏನೂ ಇರಲಿಲ್ಲವೆಂದೇ ಅವನು ಹೇಳಿಕೊಳ್ಳುತ್ತಾನೆ.

ನಡುವಿನ ಭಾಗ, ಅಂದರೆ ನಿಯಮಗಳಿರುವ ಭಾಗ, ನನ್ನ ಪ್ರತಿಯಲ್ಲಿ ಇನ್ನೂ ಗರಿಗರಿಯಾಗಿದೆ.

ಆನ್ ಲ್ಯಾಮೊಟ್‌ಳ ‘ಬರ್ಡ್ ಬೈ ಬರ್ಡ್’ (1994) ಕೂಡ ಹೀಗೆಯೇ. ಅಧ್ಯಾಯಗಳು ಮರೆತಿವೆ. ಆದರೆ ಹಕ್ಕಿಗಳ ಬಗ್ಗೆ ಬರೆಯಲು ಶಾಲೆಯಲ್ಲಿ ಮೂರು ತಿಂಗಳು ಸಮಯ ಕೊಟ್ಟಿದ್ದರೂ ಏನೂ ಮಾಡದೆ ಕೊನೆಯ ದಿನ ಅಳುತ್ತ ಕೂತ ಹತ್ತು ವರ್ಷದ ಅವಳ ಅಣ್ಣ, ಅವನ ಹೆಗಲ ಮೇಲೆ ಕೈಹಾಕಿ ಒಂದೊಂದೇ ಹಕ್ಕಿ ತೆಗೆದುಕೋ ಎಂದ ಅಪ್ಪ, ಇವರು ಮರೆತಿಲ್ಲ. ಹೆಸರು ಬಂದದ್ದೇ ಅಲ್ಲಿಂದ. ಈ ಲೇಖನದ ಗಡುವು ಬಂದಾಗಲೂ ನನಗೆ ನೆನಪಾದದ್ದು ಆ ಅಪ್ಪನೇ.

ಹಾಗಾದರೆ ನಿಯಮಗಳು? ಒಂದು ಮಳೆಗಾಲ ಪೂರ್ತಿ ಅವನ್ನು ಕನ್ನಡಕ್ಕೆ ಹಾಕಿ ನೋಡಿದೆ. ಕಿಂಗ್‌ಗೆ ಕ್ರಿಯಾವಿಶೇಷಣ ಕಂಡರಾಗದು, ಕಂಡಲ್ಲಿ ಕಿತ್ತುಹಾಕು ಎಂಬುದು ಅವನ ಕಟ್ಟಪ್ಪಣೆ. ನನ್ನ ಕಥೆಯಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು, ಹುಡುಗಿ ದಡಬಡ ಮೆಟ್ಟಿಲಿಳಿಯುತ್ತಿದ್ದಳು, ಅಪ್ಪ ಗಕ್ಕನೆ ನಿಲ್ಲುತ್ತಿದ್ದ, ತಾಯಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಎಲ್ಲ ಕಿತ್ತೆ. ಮಳೆ ಸುರಿಯಿತು, ಹುಡುಗಿ ಇಳಿದಳು, ಅಪ್ಪ ನಿಂತ. ಓದಿದರೆ ಪೊಲೀಸರ ಪಂಚನಾಮೆ! ತಿಂಗಳುಗಟ್ಟಲೆ ನನ್ನ ಕೈಯೇ ಸರಿಯಿಲ್ಲವೆಂದು ಕೊರಗಿದೆ. ಆಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ನಡೆಯುವುದಕ್ಕೇ ಹತ್ತಾರು ಕ್ರಿಯಾಪದಗಳಿವೆ. ಕಾಲೆಳೆದು ನಡೆಯುವುದಕ್ಕೊಂದು, ಧಪಧಪ ಹೆಜ್ಜೆಯಿಡುವುದಕ್ಕೊಂದು, ಬಳುಕಿ ನಡೆಯುವುದಕ್ಕೊಂದು. ನಡೆಯುವ ರೀತಿ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಕನ್ನಡ ಹಾಗಲ್ಲ. ನಮ್ಮದು ನಡೆ ಎಂಬ ಒಂದು ಧಾತು, ಅದರ ಮುಂದೆ ಸರಸರ, ಬಿರಬಿರ, ದಾಪುಗಾಲು, ಮೆಲ್ಲಮೆಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಐದು ಉದಾಹರಣೆ ಬಾಯಿಪಾಠ ಮಾಡಿಸಿ ಬಿಟ್ಟುಬಿಟ್ಟರಲ್ಲ, ಅದು ಕನ್ನಡ ವಾಕ್ಯದ ಉಸಿರು. ಕಿಂಗ್‌ನ ಮಾತು ನಂಬಿ ನಾನು ಕಳೆಯೆಂದು ಕಿತ್ತದ್ದು ಪೈರನ್ನು.

ಹಾಗೆಂದು ಆ ಸಲಹೆಯನ್ನು ಪೂರ್ತಿ ಎಸೆಯುವಂತೆಯೂ ಇಲ್ಲ. ನಮ್ಮಲ್ಲೂ ಕಳೆ ಇದೆ, ಬೇರೆ ಜಾತಿಯದು. ‘ಅತ್ಯಂತ’, ‘ಹೃತ್ಪೂರ್ವಕವಾಗಿ’, ‘ಸಂಪೂರ್ಣವಾಗಿ’. ‘ಎಂದು ಕೋಪದಿಂದ ಗುಡುಗಿದನು’ ಎಂಬಲ್ಲಿನ ಆ ‘ಕೋಪದಿಂದ’. ಪ್ರೀತಿಯಿಂದ ಯಾರಾದರೂ ಗುಡುಗುತ್ತಾರೆಯೇ? ಕಿಂಗ್ ಹೇಳಿದ್ದು ಇವಕ್ಕೆ ಸಲ್ಲುತ್ತದೆ. ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಮಾತ್ರ ಮೈನ್ ರಾಜ್ಯದಲ್ಲಿ ಕೂತ ಮನುಷ್ಯ ಹೇಳಲಾರ.

ಕರ್ಮಣಿ ಪ್ರಯೋಗ ಬೇಡ ಎನ್ನುವುದು ಇನ್ನೊಂದು ಅಪ್ಪಣೆ. ಕಾರ್ನೆಲ್‌ನ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ 1918ರಲ್ಲಿ ತನ್ನ ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕಿಸಿದ್ದ ಪುಟ್ಟ ಪುಸ್ತಕವನ್ನು ಅವನ ಶಿಷ್ಯ ಇ.ಬಿ. ವೈಟ್ 1959ರಲ್ಲಿ ತಿದ್ದಿ ಬೆಳೆಸಿದ. ಅಮೆರಿಕದ ಕಾಲೇಜುಗಳಲ್ಲಿ ಅದು ಪಂಚಾಂಗದಷ್ಟೇ ಬಳಕೆಯಾಯಿತು. ಕರ್ಮಣಿಗೆ ಅದರಲ್ಲಿ ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಮೂರು ಕರ್ಮಣಿಯೇ ಅಲ್ಲ ಎಂದು ಭಾಷಾವಿಜ್ಞಾನಿ ಜೆಫ್ರಿ ಪುಲಮ್ 2009ರಲ್ಲಿ ತೋರಿಸಿಕೊಟ್ಟ. ಅದು ಅವರ ಜಗಳ. ನಮಗಂತೂ ಆ ನಿಯಮ ಬೇಕೇ ಇಲ್ಲ. ‘ಮಾಡಲ್ಪಟ್ಟಿತು’ ಎಂದು ಕನ್ನಡಿಗ ಮನೆಯಲ್ಲಿ ಮಾತಾಡಿದ್ದನ್ನು ಯಾರಾದರೂ ಕೇಳಿದ್ದೀರಾ? ಅದು ಸರ್ಕಾರಿ ಸುತ್ತೋಲೆಯ, ಅವಸರದ ಅನುವಾದದ ಬೆಳೆ. ಮಾಡಿದವರನ್ನು ಮರೆಮಾಚಲು ನಮ್ಮಲ್ಲಿ ಅದಕ್ಕಿಂತ ಸೊಗಸಾದ ಉಪಾಯವಿದೆ. ನಮ್ಮ ಮನೆಗಳಲ್ಲಿ ಲೋಟವನ್ನು ಯಾರೂ ಒಡೆಯುವುದಿಲ್ಲ. ಲೋಟ ‘ಒಡೆದುಹೋಗುತ್ತದೆ’, ಹಾಲು ‘ಉಕ್ಕಿಹೋಗುತ್ತದೆ’, ದುಡ್ಡು ‘ಖರ್ಚಾಗಿಬಿಡುತ್ತದೆ’. ಇದರ ಮೇಲೊಂದು ಅಧ್ಯಾಯ ಯಾರಾದರೂ ಬರೆದರೆ ಮುಂಗಡ ಕೊಟ್ಟು ಕೊಳ್ಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಹೇಳಬೇಡ, ತೋರಿಸು’ ಎಂಬ ಮಂತ್ರ. ಕಮ್ಮಟಗಳಲ್ಲೂ ಈಗ ಇದೇ ಗಾಯತ್ರಿ. ಆದರೆ ಮಗು ಅಜ್ಜಿಯನ್ನು ಕೇಳುವುದು ಕಥೆ ‘ಹೇಳು’ ಎಂದು. ಮಾಸ್ತಿಯವರ ಎಷ್ಟೋ ಕಥೆಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ನಿಧಾನವಾಗಿ, ಎಲೆ ಅಡಿಕೆ ಮೆಲ್ಲುವಷ್ಟು ನಿಧಾನವಾಗಿ ಹೇಳುತ್ತ ಹೋಗುತ್ತಾರೆ. ಹರಿಕಥೆಯ ದಾಸರು ಕಥೆಯ ನಡುವೆ ಕಥೆ ಬಿಟ್ಟು, ಎದುರು ಕೂತವರನ್ನು ಕುಟುಕಿ, ಮತ್ತೆ ದ್ರೌಪದಿಯ ಬಳಿಗೆ ಹೋಗುತ್ತಾರೆ. ‘ತೋರಿಸು’ ಮಂತ್ರದ ಜರಡಿಯಲ್ಲಿ ಹಿಡಿದರೆ ಇವರೆಲ್ಲ ಕೆಳಗೆ ಬೀಳುತ್ತಾರೆ. ಆ ಮಂತ್ರದಲ್ಲಿ ಹುರುಳಿಲ್ಲವೆಂದಲ್ಲ. ದುಃಖವಾಯಿತು ಎಂದು ಬರೆದು ಮುಗಿಸುವ ಸೋಮಾರಿತನಕ್ಕೆ ಅದು ಒಳ್ಳೆಯ ಚಾಟಿ. ಆದರೆ ಹೇಳುವ ದನಿಯೇ ಒಂದು ಪಾತ್ರವಾಗಿರುವ ಪರಂಪರೆಯಲ್ಲಿ ಆ ದನಿಯ ಬಾಯಿ ಕಟ್ಟಿದರೆ ಉಳಿಯುವುದು ಸಿನಿಮಾ ಚಿತ್ರಕಥೆ.

ಇಂಗ್ಲಿಷ್ ಪುಸ್ತಕಗಳಿಂದ ಬೇಸತ್ತ ಒಂದು ಬೇಸಿಗೆಯಲ್ಲಿ ನನಗೆ ಸಿಕ್ಕಿದವನು ರಾಜಶೇಖರ. ಶ್ರೀವಿಜಯನಿಗಿಂತ ಎರಡು ತಲೆಮಾರು ಈಚಿನವನು, ಕನೌಜಿನ ಪ್ರತೀಹಾರ ದೊರೆಗಳ ಆಸ್ಥಾನ ಕವಿ. ಅವನ ‘ಕಾವ್ಯಮೀಮಾಂಸೆ’ಯನ್ನು ರಸ, ಧ್ವನಿಗಳ ಕಗ್ಗಂಟಿರಬಹುದೆಂದು ಹೆದರುತ್ತಲೇ ತೆರೆದೆ. ನೋಡಿದರೆ ಕವಿಯ ಮನೆ ಹೇಗಿರಬೇಕು, ಪೆಟ್ಟಿಗೆಯಲ್ಲಿ ಏನೇನಿರಬೇಕು, ಯಾವ ಹೊತ್ತಿಗೆ ಏನು ಮಾಡಬೇಕು ಎಂಬುದೆಲ್ಲ ಇದೆ! ಕವಿಯ ಕೈಗೆಟಕುವಂತೆ ಸದಾ ಇರಬೇಕಾದ ಸಾಮಾನು: ಹಲಗೆ, ಬಳಪ, ಲೇಖನಿ, ಮಸಿ ಕುಡಿಕೆ, ತಾಳೆಗರಿ ಅಥವಾ ಭೂರ್ಜದ ತೊಗಟೆ, ಗರಿಯ ಮೇಲೆ ಗೀರಲು ಕಬ್ಬಿಣದ ಕಂಠ. ಇಷ್ಟರ ಜೊತೆಗೆ ಚೆನ್ನಾಗಿ ಉಜ್ಜಿ ನುಣುಪು ಮಾಡಿದ ಗೋಡೆಗಳು. ಹೊಳೆದದ್ದನ್ನು ಹಲಗೆ ಹುಡುಕುವಷ್ಟರಲ್ಲಿ ಮರೆಯುವ ಕವಿಗಳನ್ನು ಕಂಡು ಬಲ್ಲವನೇ ಗೋಡೆಯನ್ನು ಪಟ್ಟಿಗೆ ಸೇರಿಸಿಯಾನು.

ಕವಿಯ ಹಗಲನ್ನು ಅವನು ನಾಲ್ಕು ಜಾವಕ್ಕೆ ಹಂಚುತ್ತಾನೆ. ಮೊದಲ ಜಾವ ಓದು, ಎರಡನೆಯದು ರಚನೆ. ಮಧ್ಯಾಹ್ನ ಸ್ನಾನ, ಊಟ. ಆಮೇಲೆ ಗೆಳೆಯರ ಕಾವ್ಯಗೋಷ್ಠಿ. ನಾಲ್ಕನೇ ಜಾವದಲ್ಲಿ ಬೆಳಿಗ್ಗೆ ಬರೆದದ್ದನ್ನು ತೆಗೆದು ತಿದ್ದುವುದು, ಏಕೆಂದರೆ ಬರೆಯುವ ಆವೇಶದಲ್ಲಿ ವಿವೇಚನೆಯ ಕಣ್ಣು ಮಂಕಾಗಿರುತ್ತದೆ. ದಿನಕ್ಕೆ ಎರಡು ಸಾವಿರ ಪದ ಎಂದು ತನಗೆ ತಾನೇ ಗುರಿ ಹಾಕಿಕೊಂಡ ಕಿಂಗ್‌ಗಿಂತ ಇದು ನನಗೆ ಹತ್ತಿರವೆನಿಸಿತು. ಪದ ಎಣಿಸುವ ಲೆಕ್ಕವೇ ಕನ್ನಡಕ್ಕೆ ಅನ್ಯಾಯ. ‘ಹೋಗಿಬಿಟ್ಟಿದ್ದಾನಂತೆ’ ಎಂಬುದು ನಮ್ಮಲ್ಲಿ ಒಂದು ಪದ. ಒಬ್ಬನು ಹೋದ, ಹೋಗಬಾರದಿತ್ತು, ಈಗ ಇಲ್ಲ, ನಾನು ಕಣ್ಣಾರೆ ನೋಡಿದ್ದಲ್ಲ, ಯಾರೋ ಹೇಳಿದ್ದು. ಇಷ್ಟೆಲ್ಲ ಆ ಒಂದರಲ್ಲಿದೆ. ಇಂಥ ಎರಡು ಸಾವಿರ ಪದ ದಿನಾ ಬರೆದರೆ ಬೆರಳು ಸೊಟ್ಟಗಾದೀತು.

ರಾಜಶೇಖರನ ನಾಲ್ಕು ಬಗೆಯ ಕವಿಗಳಂತೂ ನಮ್ಮ ಓಣಿಯವರೇ. ಬಿಸಿಲು ಕಾಣದ ಗುಹೆಯಲ್ಲೋ ನೆಲಮನೆಯಲ್ಲೋ ಕೂತು ಬರೆಯುತ್ತಲೇ ಇರುವವನು ಅಸೂರ್ಯಂಪಶ್ಯ. ಮನಸ್ಸು ಬಂದಾಗ ಮಾತ್ರ ಬರೆಯುವವನು ನಿಷಣ್ಣ. ಸಂದರ್ಭ ಬಂದಾಗ ಬರೆದುಕೊಡುವವನು ಪ್ರಾಯೋಜನಿಕ. ಅಭಿನಂದನ ಗ್ರಂಥಗಳ ಸಂಪಾದಕರಿಗೆ ಇವರ ಫೋನ್ ನಂಬರು ಬಾಯಿಪಾಠ. ನಾಲ್ಕನೆಯವನು ದತ್ತಾವಸರ, ಅಂದರೆ ಚಾಕರಿಗೆ ಅಡ್ಡಿಯಾಗದಂತೆ ಬಿಡುವಿನಲ್ಲಿ ಬರೆಯುವವನು. ಕನ್ನಡ ಸಾಹಿತ್ಯದ ದೊಡ್ಡ ಪಾಲು ಈ ದತ್ತಾವಸರರದೇ ಅಲ್ಲವೇ? ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಯಶವಂತ ಚಿತ್ತಾಲ ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞ. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಜಯಂತ ಕಾಯ್ಕಿಣಿ ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದವರು. ದಿನಕ್ಕೆ ನಾಲ್ಕಾರು ಗಂಟೆ ಓದಿ ಬರೆಯಿರಿ ಎನ್ನುವ ಅಮೆರಿಕದ ಪುಸ್ತಕ ಇವರಿಗೆ ಹೇಳುವುದೇನೂ ಇಲ್ಲ. ಅಲ್ಲಿ ಬರವಣಿಗೆ ಅನ್ನ ಹುಟ್ಟಿಸಬಲ್ಲ ಕಸುಬು. ಇಲ್ಲಿ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಕಾಫಿ ಕೊಡಿಸುತ್ತಾರೆ. ಸಾವಿರ ವರ್ಷದ ಹಿಂದಿನ ಕನೌಜಿನವನಿಗೆ ಗೊತ್ತಿದ್ದದ್ದು ಈಗಿನವರಿಗೆ ಗೊತ್ತಿಲ್ಲ.

ಓದುಗ ವಿಮರ್ಶಕರನ್ನೂ ಅವನು ಬಿಟ್ಟಿಲ್ಲ. ಏನು ಕೊಟ್ಟರೂ ರುಚಿಸದವರು, ಹುಲ್ಲು ಸಮೇತ ಎಲ್ಲವನ್ನೂ ಮೇಯುವವರು, ಹೊಟ್ಟೆಕಿಚ್ಚಿನವರು, ತತ್ತ್ವ ಹಿಡಿದು ನೋಡುವವರು. ಕೊನೆಯವರು ಸಾವಿರಕ್ಕೊಬ್ಬರಂತೆ. ಪುಸ್ತಕದಲ್ಲಿ ಆಗಾಗ ತನ್ನ ಹೆಂಡತಿ ಅವಂತಿಸುಂದರಿಯ ಅಭಿಪ್ರಾಯವನ್ನು ಹೆಸರು ಹೇಳಿ ಉಲ್ಲೇಖಿಸುತ್ತಾನೆ. ನಮ್ಮ ಒಂದನೇ ನಾಗವರ್ಮನೂ ಹತ್ತನೇ ಶತಮಾನದ ಕೊನೆಗೆ ‘ಛಂದೋಂಬುಧಿ’ಯನ್ನು ಹೆಂಡತಿಗೆ ಹೇಳುವ ಧಾಟಿಯಲ್ಲೇ ಬರೆದ. ಬರವಣಿಗೆಯ ಪಾಠ ಮನೆಯೊಳಗಿನ ಮಾತುಕತೆಯಾಗಿದ್ದ ಆ ಎರಡು ಮನೆಗಳನ್ನು ನೆನೆಸಿಕೊಂಡರೆ ಸಾರಿನ ಲೆಕ್ಕ ಹಾಕಿದ ನಮ್ಮ ಮನೆಯೂ ಅಂಥ ಕಡೆಯದೇನಲ್ಲ ಅನ್ನಿಸುತ್ತದೆ.

ಬರೆಯುವುದನ್ನು ಕಲಿಸಿದವರ ಗತಿ ಏನಾಯಿತು ಎಂದು ನೋಡುವ ಕೆಟ್ಟ ಕುತೂಹಲವೂ ನನಗಿದೆ. ನಾಗವರ್ಮ ಪಾಸಾದ, ಛಂದಸ್ಸು ಹೇಳಿದವನೇ ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದು ಬರೆದೂ ತೋರಿಸಿದ. ಇ.ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕಾದಂಬರಿಯ ಬಗ್ಗೆ ಸೊಗಸಾದ ಉಪನ್ಯಾಸಗಳನ್ನು ಕೊಟ್ಟ, ಅವು ‘ಆಸ್ಪೆಕ್ಟ್ಸ್ ಆಫ್ ದ ನಾವೆಲ್’ ಆದವು. ಅವನ ‘ಎ ಪ್ಯಾಸೇಜ್ ಟು ಇಂಡಿಯಾ’ ಬಂದು ಆಗ ಮೂರು ವರ್ಷ. 1970ರವರೆಗೆ ಬದುಕಿದ್ದ ಫಾರ್ಸ್ಟರ್ ಇನ್ನೊಂದು ಕಾದಂಬರಿಯನ್ನು ಪ್ರಕಟಿಸಲೇ ಇಲ್ಲ. ಉಪನ್ಯಾಸವೇ ಕಾರಣವೆಂದು ನಾನೇನೂ ಹೇಳುತ್ತಿಲ್ಲ. ಕಲಿತವರ ಗತಿ? ರಿಲ್ಕೆ 1903ರಿಂದ 1908ರವರೆಗೆ ಹತ್ತು ಪತ್ರ ಬರೆದದ್ದು ಸೈನಿಕ ಶಾಲೆಯ ಹುಡುಗ ಫ್ರಾನ್ಸ್ ಕಾಪುಸ್‌ಗೆ. ಲೋಕದ ಎಷ್ಟೋ ಯುವ ಕವಿಗಳು ಆ ಪತ್ರಗಳನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರು. ಕಾಪುಸ್ ಮಾತ್ರ ಪತ್ರಕರ್ತನಾಗಿ, ಜನಪ್ರಿಯ ಕಾದಂಬರಿಗಳನ್ನು ಬರೆದು ಜೀವನ ಸಾಗಿಸಿದ. ಪತ್ರ ಶುರುವಾದಾಗ ಅಷ್ಟು ಗಂಭೀರವಾಗಿ ಬುದ್ಧಿ ಹೇಳುತ್ತಿದ್ದ ರಿಲ್ಕೆಗೂ ಇಪ್ಪತ್ತೇಳೇ ವರ್ಷ ಎಂಬುದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಮುಂಚೆಯೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಪುಸ್ತಕ ಸೋತಲ್ಲಿ ಹೊತ್ತಿಗೆ ಸರಿಯಾಗಿ ಬಿದ್ದ ಒಂದು ಮಾತು ಗೆದ್ದದ್ದೂ ಇದೆ. ಕುವೆಂಪು 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದರು. ಹೊಗಳಿಕೆಯ ನಿರೀಕ್ಷೆಯಿತ್ತು. ಕಸಿನ್ಸ್ ಕೇಳಿದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು. ಛಂದಸ್ಸು, ಅಲಂಕಾರ, ಪ್ರತಿಮೆ ಯಾವುದರ ಪಾಠವೂ ಅಲ್ಲ, ಬರೀ ಒಂದು ಪ್ರಶ್ನೆ. ಅನಂತಮೂರ್ತಿಯವರ ಕಥೆ ಇನ್ನೂ ಸ್ವಾರಸ್ಯ. ಅರವತ್ತರ ದಶಕದ ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಗುರು ಮಾಲ್ಕಂ ಬ್ರಾಡ್‌ಬರಿಯ ಜೊತೆ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ನೋಡಿದರು. ಅಡಿಬರಹವಿಲ್ಲದ ಸ್ವೀಡಿಷ್ ಚಿತ್ರ, ಮಾತು ಅರ್ಥವಾಗಲಿಲ್ಲ. ಹೊರಗೆ ಬಂದ ಮೇಲೆ ಮಾತು ಮಧ್ಯಯುಗದತ್ತ ತಿರುಗಿತು. ಯುರೋಪಿನವರು ಅದನ್ನು ಪುಸ್ತಕದಿಂದ ಕೆದಕಿ ತೆಗೆಯಬೇಕು, ಮಲೆನಾಡಿನ ಅಗ್ರಹಾರದಲ್ಲಿ ಬೆಳೆದವರಿಗೆ ಅದು ಪಕ್ಕದ ಮನೆಯಲ್ಲೇ ಇದೆ. ಅದನ್ನೇ ಬರೆಯಬಾರದೇಕೆ ಎಂಬ ಒತ್ತಾಸೆಯಿಂದ ‘ಸಂಸ್ಕಾರ’ ಹುಟ್ಟಿತು. ಅದೇ ಬ್ರಾಡ್‌ಬರಿ ಆಂಗಸ್ ವಿಲ್ಸನ್ ಜೊತೆ ಸೇರಿ 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ಅತಿ ಹೆಸರಾಂತ ಸೃಜನಶೀಲ ಬರವಣಿಗೆಯ ಎಂ.ಎ. ತರಗತಿ ಶುರುಮಾಡಿದ. ಅದಕ್ಕೂ ಮುಂಚೆಯೇ ಅವನಿಗೊಬ್ಬ ಕನ್ನಡದ ವಿದ್ಯಾರ್ಥಿ ಸಿಕ್ಕಿದ್ದ. ಪಠ್ಯಕ್ರಮವಿರಲಿಲ್ಲ, ಸಿನಿಮಾ ಬಿಟ್ಟ ಮೇಲಿನ ಹರಟೆಯಿತ್ತು.

ಈಚೆಗೆ ಕನ್ನಡದಲ್ಲೂ ಹೊಸಬರಿಗೆಂದು ಪುಸ್ತಕಗಳು ಬರುತ್ತಿವೆ. ಜೋಗಿಯವರು ತಮ್ಮದಕ್ಕೆ ‘ಹಲಗೆ ಬಳಪ’ ಎಂದು ಹೆಸರಿಟ್ಟಾಗ, ರಾಜಶೇಖರನ ಪೆಟ್ಟಿಗೆಯಿಂದಲೇ ಎತ್ತಿಕೊಂಡರೇನೋ ಅನ್ನಿಸಿ ಖುಷಿಯಾಯಿತು. ಭೈರಪ್ಪನವರ ‘ನಾನೇಕೆ ಬರೆಯುತ್ತೇನೆ’ಯನ್ನು ಅವರ ಕಾದಂಬರಿ ಒಪ್ಪದವರೂ ಓದಬೇಕು, ಒಬ್ಬರ ಕಾರ್ಖಾನೆಯ ಒಳಗೆ ಇಣುಕಿ ನೋಡುವುದೇ ಬೇರೆ. ಕಥಾಕಮ್ಮಟಗಳಂತೂ ಸುಗ್ಗಿಯಂತೆ ನಡೆಯುತ್ತವೆ. ಕಮ್ಮಟ ಎಂಬ ಪದಕ್ಕೆ ಹಳಗನ್ನಡದಲ್ಲಿ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ ಎಂಬ ಅರ್ಥವಿದೆ. ಮೂರು ದಿನದ ಕಮ್ಮಟ ಮುಗಿದ ಮೇಲೆ ಬಂದ ಮೂವತ್ತು ಕಥೆಗಳನ್ನು ಒಟ್ಟಿಗೆ ಓದಿದವರಿಗೆ ಆ ಅರ್ಥ ಇನ್ನೂ ಜೀವಂತವಾಗಿದೆಯೆಂದು ಗೊತ್ತಾಗುತ್ತದೆ. ಎಲ್ಲದರ ಒಂದು ಮುಖದಲ್ಲಿ ಮಳೆ, ಇನ್ನೊಂದು ಮುಖದಲ್ಲಿ ಸತ್ತ ಅಜ್ಜ.

ನಾನು ಕಲಿತ ಒಂದು ಪಾಠ ಮಾತ್ರ ಅಂಚೆಯಲ್ಲಿ ಬಂತು. ಆಗ ನನಗೆ ಇಪ್ಪತ್ತನಾಲ್ಕು. ಒಂದು ಮಾಸಪತ್ರಿಕೆಗೆ ಹದಿನಾಲ್ಕು ಪುಟದ ಕಥೆ ಕಳಿಸಿದ್ದೆ, ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಅಂಟಿಸಿ. ಎಂಟು ತಿಂಗಳ ಮೇಲೆ ಅದೇ ಲಕೋಟೆ ಮರಳಿತು. ಒಳಗೆ ‘ವಿಷಾದಿಸುತ್ತೇವೆ’ ಎಂದು ಅಚ್ಚಾದ ಬೆರಳಗಲದ ಚೀಟಿ. ಸಿಟ್ಟಿನಲ್ಲಿ ಕಥೆಯನ್ನು ಹಾಗೇ ಟ್ರಂಕಿಗೆ ಹಾಕಿದೆ. ವರ್ಷ ಕಳೆದು ಹೊರತೆಗೆದಾಗ ಕಾಣಿಸಿತು. ನಾಲ್ಕನೇ ಪುಟದ ನಡುವೆ ಪೆನ್ಸಿಲಿನ ಅಡ್ಡಗೆರೆ, ಪಕ್ಕದಲ್ಲಿ ಮೂರು ಪದ. ‘ಕಥೆ ಇಲ್ಲಿಂದ ಶುರು’. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಿಂಗ್ ಕೂಡ ಹೈಸ್ಕೂಲಿನ ಕೊನೆಯ ವರ್ಷ, 1966ರಲ್ಲಿ, ಇಂಥದೇ ಒಂದು ತಿರಸ್ಕಾರದ ಚೀಟಿಯ ಮೇಲೆ ಯಾರೋ ಗೀಚಿದ್ದ ಮಾತು ತನ್ನ ತಿದ್ದುವ ರೀತಿಯನ್ನೇ ಬದಲಿಸಿತೆಂದು ಬರೆದಿದ್ದಾನೆ. ಎರಡನೇ ಕರಡು ಮೊದಲನೆಯದಕ್ಕಿಂತ ಹತ್ತನೇ ಒಂದು ಭಾಗ ಕಡಿಮೆಯಿರಬೇಕು ಎಂಬ ಲೆಕ್ಕ ಅದು. ಅದನ್ನು ಗೀಚಿದವರು ಯಾರೆಂದು ಅವನಿಗೂ ನೆನಪಿಲ್ಲ.

ಗೆರೆಯ ಮೇಲಿನ ಮೂರೂವರೆ ಪುಟದಲ್ಲಿ ನಾನು ನಮ್ಮೂರಿನ ಕೆರೆ, ಬೆಟ್ಟ, ಗುಡಿಯ ಕಳಶ, ಬೆಳಗಿನ ಮಂಜು ಎಲ್ಲವನ್ನೂ ತುಂಬಿದ್ದೆ. ಕೆಳಗೆ ಒಬ್ಬ ಹೆಂಗಸು ಬಾಗಿಲು ತಟ್ಟುತ್ತಿದ್ದಳು. ಮೂರೂವರೆ ಪುಟ ಹರಿದೆ, ಕೈ ನಡುಗಿತು, ಕಥೆ ನಿಂತಿತು. ಮುಂದೆ ಬೇರೆ ಕಡೆ ಅಚ್ಚಾಯಿತು. ಅಂದಿನಿಂದ ಏನೇ ಬರೆದರೂ ಆ ಪೆನ್ಸಿಲ್ ಗೆರೆ ಎಲ್ಲಿ ಬೀಳುತ್ತದೆಂದು ಹುಡುಕುತ್ತೇನೆ.

ಈ ಲೇಖನಕ್ಕೂ ಮೊದಲಲ್ಲಿ ಎರಡು ಪುಟ ಇದ್ದವು. ಮೆಜೆಸ್ಟಿಕ್‌ನಿಂದ ಅವಿನ್ಯೂ ರೋಡಿಗೆ ನಡೆದುಹೋದ ದಾರಿಯ ವರ್ಣನೆ.